ತಂದರೋ, ಕೊಟ್ಟರೋ

ಶಾಲೆಯ ವಾರ್ಷಿಕ ಸಂಚಿಕೆಗೆ ನಾಲ್ಕು ಸಾಲು ಬರೆದುಕೊಡಿ ಎಂದು ಹೆಡ್‌ಮಾಸ್ಟರು ಹೇಳಿ ಹದಿನೈದು ದಿನವಾಯಿತು. 'ಜಾಸ್ತಿ ಏನೂ ಬ್ಯಾಡ ಮೇಡಂ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ್ರು, ನಿವೃತ್ತರಾದ್ರು, ನಿಧನರಾದ್ರು, ಆತ್ಮಕ್ಕೆ ಶಾಂತಿ ಸಿಗಲಿ, ಅಷ್ಟೇಯ. ಫೋಟೊ ಸಿಕ್ಕಿದ್ರೆ ಹಾಕಣ' ಎಂದರು. ಶಾಲೆಗಳಲ್ಲಿ ಕನ್ನಡ ಮೇಡಂ ಎಂದರೆ ಇಷ್ಟೇ. ಸ್ವಾಗತ ಭಾಷಣ ಅವಳೇ ಬರೆಯಬೇಕು, ವಂದನಾರ್ಪಣೆ ಅವಳೇ ಬರೆಯಬೇಕು, ಸತ್ತವರಿಗೆ ಶ್ರದ್ಧಾಂಜಲಿಯನ್ನೂ ಅವಳೇ ಬರೆಯಬೇಕು. ಕೂತು ಬರೆದೆ. 'ಸೇವೆಯಿಂದ ನಿವೃತ್ತರಾದರು' ಎನ್ನುವಲ್ಲಿಗೆ ಬರುವಷ್ಟರಲ್ಲಿ ತೀರಿಕೊಂಡ ಆ ಇತಿಹಾಸದ ಮೇಷ್ಟರ ದನಿ ಕಿವಿಗೆ ಬಂತು. 'ಆದರು ಅಂದ್ರೆ? ತಾನಾಗೇ ಆದ್ರಾ? ಯಾರು ಮಾಡಿದ್ರು, ಅದನ್ನ ಬರೀರಿ ಮೇಡಂ.'

ಪೆನ್ನು ಕೆಳಗಿಟ್ಟೆ. ಆ ನಾಲ್ಕು ಸಾಲಿನಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರನ್ನು ಬೀದಿಯಲ್ಲಿ ಎಳೆದಾಡಿದ್ದು ಸಾಕು.

ನಮ್ಮದು ಉದಯಗಿರಿಯ ಒಂದು ಸಣ್ಣ ಖಾಸಗಿ ಪ್ರೌಢಶಾಲೆ. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ, ಎದುರಿಗೆ ಪಂಚರ್ ಹಾಕುವವರು. ಮೆಕ್ಯಾನಿಕ್ಕುಗಳ, ತಳ್ಳುಗಾಡಿಯವರ, ಗಾರೆ ಕೆಲಸದವರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಎಂಟನೇ ಕ್ಲಾಸಿಗೂ ಒಂಬತ್ತನೇ ಕ್ಲಾಸಿಗೂ ನಡುವೆ ಗೋಡೆಯಿಲ್ಲ, ಪ್ಲೈವುಡ್ ಹಲಗೆ ಇದೆ. ಆ ಹಲಗೆಯ ಒಂದು ಮಗ್ಗುಲಲ್ಲಿ ನಾನು ಹದಿನಾಲ್ಕು ವರ್ಷ ವ್ಯಾಕರಣ ಹೇಳಿದೆ, ಇನ್ನೊಂದು ಮಗ್ಗುಲಲ್ಲಿ ಅವರು ಇತಿಹಾಸ ಹೇಳಿದರು. ನನ್ನ ಸಮಾಸ ಅವರಿಗೆ ಬಾಯಿಪಾಠ, ಅವರ ಹಡಗುಗಳು ನನಗೆ ಬಾಯಿಪಾಠ.

ಸಣಕಲು ಆಳು. ಬಿಳಿ ಷರಟನ್ನು ಬಿಟ್ಟು ಬೇರೆ ತೊಟ್ಟಿದ್ದನ್ನು ನಾನು ನೋಡಲಿಲ್ಲ. ಎದೆಯ ಜೇಬಿನಲ್ಲಿ ಒಂದು ಕೆಂಪು ಪೆನ್ನು, ಎರಡು ತುಂಡು ಸೀಮೆಸುಣ್ಣ. ಟೀಗೆ ಸಕ್ಕರೆ ಹಾಕಿಸಿಕೊಳ್ಳುತ್ತಿರಲಿಲ್ಲ. ನಮ್ಮ ಶಾಲೆಯ ಆಯಾ ಒಂದು ದಿನ 'ಸಾರ್‌ಗೆ ಶುಗರ್ರು, ಪಾಪ' ಎಂದದ್ದಕ್ಕೆ 'ಶುಗರ್ರೂ ಹೌದು ಕಣಮ್ಮ, ಸಕ್ಕರೆ ಕತೇನೂ ಹೌದು' ಎಂದು ಶುರು ಮಾಡಿದರು. ಸಮುದ್ರದ ಆಚೆ ದ್ವೀಪಗಳಲ್ಲಿ ಕಬ್ಬಿನ ಗದ್ದೆ ಮಾಡಲು ಮನುಷ್ಯರನ್ನು ಹಡಗಿನಲ್ಲಿ ಸೌದೆ ತುಂಬಿದಂತೆ ತುಂಬಿಕೊಂಡು ಹೋಗಿ ಮಾರಿದ್ದು, ದಾರಿಯಲ್ಲಿ ಸತ್ತವರನ್ನು ನೀರಿಗೆ ಎಸೆದದ್ದು, ಎಲ್ಲವನ್ನೂ ಹೇಳಿದರು. ಆಯಾ ಲೋಟ ಹಿಡಿದುಕೊಂಡೇ ನಿಂತಿದ್ದಳು. ಕೊನೆಗೆ 'ನಿನ್ನ ಕರೆಯೋ ಪದ ಇದೆಯಲ್ಲ, ಆಯಾ, ಅದೂ ಪೋರ್ಚುಗೀಸರ ಮಾತು' ಎಂದರು. ಅವಳು 'ಬುಡಿ ಸಾರ್, ನಮ್ಮೂರು ನಂಜನಗೂಡು' ಎಂದು ಲೋಟ ಎತ್ತಿಕೊಂಡು ಹೋದಳು.

ಅವರ ಮನೆತನದ ಹೆಸರೂ ಪೋರ್ಚುಗೀಸರದೇ. ಕ್ಯಾಥೊಲಿಕ್ ಕುಟುಂಬ. ಅಜ್ಜನ ಕಾಲಕ್ಕೆ ಕರಾವಳಿಯಿಂದ ಮೈಸೂರಿಗೆ ಬಂದು ಇಲ್ಲೇ ನಿಂತವರು. ಒಮ್ಮೆ ಸ್ಟಾಫ್‌ರೂಮಿನಲ್ಲಿ ನನ್ನ ಊರು ಕೇಳಿದರು. ಇಲವಾಲದ ಆಚೆ, ಹುಣಸೂರು ರಸ್ತೆಯ ಮಗ್ಗುಲಿನ ಹಳ್ಳಿ, ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು ಎಂದೆ. ಅವರ ಮುಖ ಅರಳಿತು.

'ಹೊಗೆಸೊಪ್ಪು ಅವರ ಹಡಗಲ್ಲಿ ಬಂದದ್ದು. ನನ್ನ ಹೆಸರೂ ಅದೇ ಹಡಗಲ್ಲಿ ಬಂದದ್ದು. ನೀವೂ ನಾನೂ ಒಂದೇ ಹಡಗಿನವರಾದ್ವಿ ನೋಡಿ ಮೇಡಂ!'

ಅವತ್ತಿನಿಂದ ನನ್ನನ್ನು ಕಂಡರೆ 'ಏನ್ ಹಡಗಿನವ್ರೇ, ಊಟ ಆಯ್ತಾ' ಎನ್ನುತ್ತಿದ್ದರು. ನನ್ನ ಅಪ್ಪ ರಾತ್ರಿಯೆಲ್ಲ ಬ್ಯಾರನ್ ಗೂಡಿನ ಮುಂದೆ ಕೂತು ಸೊಪ್ಪು ಬೇಯಿಸಿ, ಮಾರಿ, ನನ್ನನ್ನು ಬಿ.ಎಡ್. ಓದಿಸಿದರು. ಅಂಥ ಅಪ್ಪನ ಬೆಳೆಗೆ ಯಾವುದೋ ಹಡಗನ್ನು ಗಂಟುಹಾಕಿದ್ದು ಮೊದಲು ನನಗೆ ಸೇರಲಿಲ್ಲ. ಆಮೇಲೆ ಅಭ್ಯಾಸವಾಯಿತು.

ಅವರಿಗೆ ಒಂದು ಹುಚ್ಚಿತ್ತು. ಉತ್ತರಪತ್ರಿಕೆಯಲ್ಲಿ ಕ್ರಿಯಾಪದ ಹುಡುಕುವುದು. 'ಗೋವಾ ವಶವಾಯಿತು' ಎಂದು ಬರೆದರೆ ಅಡಿಗೆರೆ ಎಳೆದು 'ಯಾರು ಮಾಡಿದರು?' 'ವಸಾಹತುಗಳು ಸ್ಥಾಪನೆಯಾದವು' ಎಂದರೆ 'ತಾವಾಗಿಯೇ?' ಭಾರತಕ್ಕೆ ಜಲಮಾರ್ಗ ಕಂಡುಹಿಡಿದರು ಎಂದು ಬರೆದ ಪ್ರತಿ ಮಗುವಿಗೂ ವರ್ಷ ವರ್ಷ ಒಂದೇ ಮಾತು.

'ಕಂಡುಹಿಡಿಯೋಕೆ ಅದೇನು ಕಳೆದುಹೋಗಿತ್ತಾ? ಕಲ್ಲಿಕೋಟೆಯವರು ಅವರ ಮನೇಲಿ ಅವರಿದ್ರು ಕಣ್ರೋ. ಅರಬರು ಬಂದು ಹೋಗಿ ಮಾಡ್ತಾನೇ ಇದ್ರು. ದಾರಿ ಗೊತ್ತಿಲ್ಲದೆ ಇದ್ದೋನು ಬಂದೋನು ಒಬ್ಬನೇಯ.'

ಮಕ್ಕಳು ಗೈಡ್ ನೋಡಿ ನಾಲ್ಕು ಕಾರಣ ಉರುಹೊಡೆದುಕೊಂಡು ಬರುತ್ತಿದ್ದರು. ನೆಲದ ದಾರಿ ತುರ್ಕರ ಕೈಗೆ ಹೋಯಿತು, ದಿಕ್ಸೂಚಿ ಬಂತು, ಸಾಹಸಪ್ರವೃತ್ತಿ ಇತ್ತು, ಮತಪ್ರಚಾರದ ಆಸೆ ಇತ್ತು. ಇವರು ಮೂರನೆಯದನ್ನು ಹೊಡೆದುಹಾಕುತ್ತಿದ್ದರು. 'ಸಾಹಸ ಅಂತೆ! ಮೆಣಸು ಅಂತ ಬರೀರಿ. ಅವರ ಊರಲ್ಲಿ ಮೆಣಸಿಗೆ ಬೆಲೆ ಇತ್ತು, ಆ ಲಾಭ ಮಧ್ಯದವರಿಗೆ ಹೋಗ್ತಿತ್ತು. ಪೂರ್ತಿ ನಮಗೇ ಬೇಕು ಅಂತ ಹೊರಟ್ರು. ತುಪಾಕಿ ಜೊತೇಲಿ ತಂದ್ರು.' ಗೈಡ್ ನಂಬಿದ ಬಡಪಾಯಿ ಮಕ್ಕಳಿಗೆ ಮಾರ್ಕ್ಸು ಹೋಗುತ್ತಿತ್ತು. ಆ ವಿಷಯದಲ್ಲಿ ಅವರು ಕ್ರೂರಿಯೇ. ಹತ್ತನೇ ಕ್ಲಾಸಿನ ಪರೀಕ್ಷೆಯ ಪೇಪರನ್ನು ತಿದ್ದುವವರು ಬೇರೆಯವರು, ಅಲ್ಲಿ ಗೈಡಿನ ಉತ್ತರವೇ ನಡೆಯುವುದು ಎಂದು ನಾವೆಲ್ಲ ಹೇಳಿದೆವು. ಕೇಳಲಿಲ್ಲ.

ನನ್ನನ್ನೂ ಬಿಡಲಿಲ್ಲ. ನಾನು ಬರೆದ ಸ್ವಾತಂತ್ರ್ಯ ದಿನದ ಭಾಷಣದಲ್ಲಿ, ಆಹ್ವಾನ ಪತ್ರಿಕೆಯಲ್ಲಿ, ನೋಟಿಸ್ ಬೋರ್ಡಿನಲ್ಲಿ ಎಲ್ಲಿ 'ಆಯಿತು', 'ಮಾಡಲಾಯಿತು' ಕಂಡರೂ ಕೆಂಪು ಗೆರೆ. ಕನ್ನಡ ಕಲಿಸುವವಳು ನಾನು, ತಿದ್ದುವವರು ಅವರು. ಆಯಾಳ ಮುಂದೆ, ಮಕ್ಕಳ ಮುಂದೆ ತಿದ್ದುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು ಎಂದು ಇಲ್ಲಿ ಹೇಳಿಬಿಡುತ್ತೇನೆ. ಮುಂದೆ ನಡೆದದ್ದರಲ್ಲಿ ಆ ಉರಿಯದ್ದೂ ಒಂದು ಪಾಲಿದೆ.

ಇನ್ನು ಅವರ ಡಬ್ಬಿ ಪಾಠ. ಪ್ರತಿ ವರ್ಷ ಯುರೋಪಿಯನ್ನರ ಆಗಮನದ ಪಾಠವನ್ನು ಅವರು ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್ಡಿಗೇ ಇಟ್ಟುಕೊಳ್ಳುತ್ತಿದ್ದರು. 'ಡಬ್ಬಿ ತೆಗೀರಿ' ಎನ್ನುತ್ತಿದ್ದರು. ಹಲಗೆಯ ಈಚೆ ನನ್ನ ಕ್ಲಾಸಿಗೆ ಮುಚ್ಚಳ ತೆಗೆಯುವ ಸದ್ದು ಬರುತ್ತಿತ್ತು, ಒಗ್ಗರಣೆ ವಾಸನೆ ಬರುತ್ತಿತ್ತು.

'ಹಡಗಲ್ಲಿ ಬಂದದ್ದನ್ನೆಲ್ಲ ತೆಗೆದು ಮುಚ್ಚಳದ ಮೇಲಿಡಿ. ಮೆಣಸಿನಕಾಯಿ ತೆಗೀರಿ. ಟೊಮ್ಯಾಟೊ ತೆಗೀರಿ. ಆಲೂಗಡ್ಡೆ ಪಲ್ಯ ಪೂರ್ತಿ ತೆಗೀರಿ. ಚಿತ್ರಾನ್ನದಲ್ಲಿರೋ ಕಡಲೆಬೀಜ ಒಂದೊಂದೇ ಆರಿಸಿ.'

ಆರಿಸಿ ಮುಗಿದ ಮೇಲೆ 'ಈಗ ತಿನ್ನಿ' ಎನ್ನುತ್ತಿದ್ದರು. ಯಾವುದಾದರೂ ಮಗು 'ಸಪ್ಪೆ ಸಾರ್' ಎಂದು ರಾಗ ಎಳೆಯುತ್ತಿತ್ತು. ಆಗ ಕತೆ. ನಾನು ಪಾಠ ನಿಲ್ಲಿಸಿ, ನನ್ನ ಮಕ್ಕಳಿಗೆ ಏನೋ ಬರೆಯಲು ಕೊಟ್ಟು ಕೇಳುತ್ತಿದ್ದೆ. ಹದಿನಾಲ್ಕು ವರ್ಷವೂ ಕೇಳಿದ್ದೇನೆ.

'ಇವನ್ನೆಲ್ಲ ತಂದರು. ಕೊಟ್ಟರು ಅನ್ನಬ್ಯಾಡಿ, ತಂದರು ಅನ್ನಿ. ಇನ್ನೊಂದು ಖಂಡದವರ ಹಿತ್ತಿಲಿಂದ ಕಿತ್ತುಕೊಂಡಿದ್ದನ್ನ ತಂದರು. ಮೆಣಸು ತಗೊಂಡು ಹೋದರು, ಮೆಣಸಿನಕಾಯಿ ಬಿಟ್ಟು ಹೋದರು. ಪಾಪ, ನಾವು ಅದಕ್ಕೂ ನಮ್ಮ ಮೆಣಸಿನ ಹೆಸರೇ ಇಟ್ವಿ. ಆ ಬೆಳೆ ಬೆಳೆದಿದ್ದ ಜನ ಏನಾದ್ರು? ಬೆಳ್ಳಿ ಗಣೀಲಿ ಇಳಿಸಿ ಸಾಯಿಸಿದ್ರು. ಕೊಟ್ಟರು ಅನ್ನೋ ಪದ ಬೇಕೇ ಬೇಕಾ? ಹಂಗಾದ್ರೆ ಇದಕ್ಕೆ ಇಟ್ಕಳಿ: ಆ ಜನಕ್ಕೆ ಸಿಡುಬು ಕೊಟ್ಟರು. ಊರಿಗೆ ಊರೇ ಖಾಲಿ ಆಯ್ತು. ಅದೊಂದೇ ಅವರು ಬಿಟ್ಟಿ ಕೊಟ್ಟದ್ದು.'

ಕೊನೆಗೆ ತಮ್ಮ ಹಿತ್ತಿಲಿನ ಪರಂಗಿ ಹಣ್ಣು ಹೆಚ್ಚಿ ಎಲ್ಲರಿಗೂ ಒಂದೊಂದು ಹೋಳು ಹಂಚುತ್ತಿದ್ದರು. 'ಪರಂಗಿ ಅಂದ್ರೆ ಅವರೇ ಕಣ್ರೋ. ಬಂದೋರ ಹೆಸರನ್ನ ಹಣ್ಣಿಗಿಟ್ಟು ನಾವು ತಿಂದ್ಬುಟ್ವಿ.' ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ಅದಕ್ಕೇ ಅವರಿಗೆ ಪರಂಗಿ ಮೇಷ್ಟ್ರು ಎಂದು ಹೆಸರು ಬಿತ್ತು. ಅವರಿಗದು ಗೊತ್ತಿತ್ತು, ಖುಷಿಯೂ ಇತ್ತು.

ಮೂರು ವರ್ಷದ ಹಿಂದೆ ಆ ಪಾಠ ಮುಗಿದ ಸಂಜೆ ಒಂದು ಹುಡುಗಿ ಡಬ್ಬಿಯಲ್ಲಿ ಅನ್ನ ಹಾಗೇ ಉಳಿಸಿಕೊಂಡು ಮನೆಗೆ ಹೋದಳು. ಯಾಕೆ ತಿನ್ನಲಿಲ್ಲ ಎಂದು ತಾಯಿ ಗದರಿದರು. ಮೇಷ್ಟ್ರು ಮೆಣಸಿನಕಾಯಿ ತೆಗೆಸಿದ್ರು ಎಂದಳು. ಗ್ಯಾರೇಜ್ ನಡೆಸುವ ತಂದೆ ನೋಟ್ಸ್ ತೆಗೆದು ನೋಡಿದರು. ಅದರಲ್ಲಿ ಮಗು ದುಂಡಗೆ ಬರೆದಿತ್ತು: 'ನಾವು ತಿನ್ನುವ ಊಟವನ್ನು ಯುರೋಪಿಯನ್ನರು ಕೊಟ್ಟರು.'

ಬೇಡ ಎಂದ ಪದವೇ ಮಕ್ಕಳ ತಲೆಯಲ್ಲಿ ನಿಲ್ಲುವುದು. ಪಾಠ ಹೇಳುವ ಯಾರಿಗಾದರೂ ಇದು ಗೊತ್ತು. ನೋಟ್ಸ್ ಶನಿವಾರ ಅವರ ಮೇಜಿಗೆ ಬರುವುದಿತ್ತು, ಬಂದಿದ್ದರೆ ಕೆಂಪು ಗೆರೆ ಬೀಳುತ್ತಿತ್ತು. ತಂದೆ ಆ ಮಂಗಳವಾರ ರಾತ್ರಿಯೇ ಅದರ ಫೋಟೊ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು. 'ಇದು ಯಾವ ಸೀಮೆ ಪಾಠ' ಎಂದಷ್ಟೇ ಕೇಳಿದ್ದರಂತೆ. ಬೆಳಗಾಗುವುದರೊಳಗೆ ಅದು ಎಲ್ಲೆಲ್ಲಿಗೋ ಹೋಗಿ, ಮೇಷ್ಟರ ಹೆಸರು ಸೇರಿಕೊಂಡು, ಆ ಹೆಸರಿಗೆ ಏನೇನೋ ಅರ್ಥ ಅಂಟಿಕೊಂಡು ಹಿಂದಕ್ಕೆ ಬಂತು.

ಬುಧವಾರ ಹತ್ತು ಗಂಟೆಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರಲ್ಲಿ ಅರ್ಧಕ್ಕರ್ಧ ಜನರ ಮಕ್ಕಳು ನಮ್ಮ ಶಾಲೆಯವರೇ ಅಲ್ಲ. 'ಈ ಪರಂಗಿಯೋನನ್ನ ಯಾಕ್ ಇಟ್ಕಂಡಿದ್ದೀರಿ?' ಎಂದು ಒಬ್ಬ ಕೂಗಿದ. ಅದೇ ಪದ. ಮಕ್ಕಳ ಬಾಯಲ್ಲಿ ಹಣ್ಣಿನ ಹೆಸರಾಗಿದ್ದದ್ದು ಈ ಬಾಯಲ್ಲಿ ಬೈಗುಳವಾಗಿತ್ತು.

ಮೇಷ್ಟರು ಬಂದರು. ಮೇಜಿನ ಮೇಲೆ ಸಾಕ್ಷಿಯೆಂದು ತೆರೆದಿಟ್ಟಿದ್ದ ನೋಟ್ಸ್ ಕಂಡರು. ಯಾರ ಮುಖವನ್ನೂ ನೋಡದೆ ಜೇಬಿನಿಂದ ಕೆಂಪು ಪೆನ್ನು ತೆಗೆದು, 'ಕೊಟ್ಟರು' ಎನ್ನುವುದನ್ನು ಹೊಡೆದು, ಮೇಲೆ 'ತಂದರು' ಎಂದು ಬರೆದರು. ಕೋಣೆ ಹೊತ್ತಿಕೊಂಡಿತು. 'ನಮ್ ಕಣ್ಮುಂದೇನೆ ಸಾಕ್ಷಿ ತಿದ್ತವ್ನೆ ನೋಡ್ರೀ!' ಎಂದು ಒಬ್ಬ ನೋಟ್ಸ್ ಕಿತ್ತುಕೊಂಡ. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. 'ತಪ್ಪು ಬರೆದಿದೆ ಮಗು, ತಿದ್ದಿದೆ' ಎಂದರು.

ಶಾಲೆಯ ಕಾರ್ಯದರ್ಶಿ ಕೇಳಿದರು: 'ನೇರ ಹೇಳಿ ಸಾರ್. ಕ್ಲಾಸಲ್ಲಿ ಕೊಟ್ಟರು ಅನ್ನೋ ಮಾತು ಆಡಿದ್ದು ನಿಜವೋ ಸುಳ್ಳೋ?'

'ನಿಜ. ಸಿಡುಬು ಕೊಟ್ಟರು ಅಂದೆ.'

ಅಲ್ಲಿದ್ದವರಿಗೆ 'ನಿಜ' ಎನ್ನುವುದು ಮಾತ್ರ ಬೇಕಾಗಿತ್ತು. ಗಲಾಟೆ ಇನ್ನೂ ಹೆಚ್ಚಿತು. ಆಗ ಅವರು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದರು.

'ಮೇಡಂ ಪಕ್ಕದ ರೂಮಲ್ಲಿದ್ರು. ಹಲಗೆ ಒಂದೇ ಅಡ್ಡ. ಅವರನ್ನ ಕೇಳಿ. ಊಟದ ಮಾತು ಬಂದಾಗ ತಂದರು ಅಂದೆನೋ ಕೊಟ್ಟರು ಅಂದೆನೋ.'

ಎಲ್ಲರೂ ನನ್ನ ಕಡೆ ತಿರುಗಿದರು. ಗ್ಯಾರೇಜಿನ ತಂದೆಯೂ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾನು ಏನು ಹೇಳಿದರೂ ನಂಬುವ ಹಾಗೆ ಕಾಯುತ್ತಿದ್ದರು. ಮೇಷ್ಟರಿಗೆ ಇನ್ನೂ ಎರಡು ವರ್ಷದ ಸರ್ವೀಸು ಇತ್ತು. ನನ್ನ ಕೆಲಸ ಖಾಯಂ ಮಾಡುವ ಕಾಗದ ಕಾರ್ಯದರ್ಶಿಗಳ ಸಹಿಗೆ ಕಾದಿತ್ತು. ಹದಿನಾಲ್ಕು ವರ್ಷ ಕಾದಿದ್ದ ಕಾಗದ. ಕಾರ್ಯದರ್ಶಿ ನನ್ನನ್ನು ನೋಡಿದ ರೀತಿಯಲ್ಲಿ ಏನೂ ಗುಟ್ಟಿರಲಿಲ್ಲ.

'ಸರಿಯಾಗಿ ಕೇಳಿಸ್ಲಿಲ್ಲ ಸಾರ್' ಎಂದೆ.

ಅಷ್ಟೇ. ಸುಳ್ಳು ಕೂಡ ಧೈರ್ಯವಾಗಿ ಹೇಳಲಿಲ್ಲ. ಅವರು 'ಕೊಟ್ಟರು' ಎಂದರು ಅಂತ ಹೇಳಿದ್ದರೆ ನಾಳೆ ಯಾರಾದರೂ ನನ್ನನ್ನು ಸುಳ್ಳಿ ಎನ್ನಬಹುದಿತ್ತು. ಕೇಳಿಸಲಿಲ್ಲ ಎಂದವಳನ್ನು ಯಾರು ಏನೆನ್ನುತ್ತಾರೆ? ಮೇಷ್ಟರು ನನ್ನನ್ನು ಒಂದು ಗಳಿಗೆ ನೋಡಿ ತಲೆಯಾಡಿಸಿದರು. ಮಕ್ಕಳು ಗೈಡಿನ ಉತ್ತರ ಒಪ್ಪಿಸಿದಾಗ ಹಾಗೆ ತಲೆಯಾಡಿಸುತ್ತಿದ್ದರು.

ಕ್ಷಮೆ ಕೇಳಿ ಮುಗಿಸಿ ಎಂದರು ಕಾರ್ಯದರ್ಶಿ. 'ಹೇಳಿದ್ದಕ್ಕೆ ಬೇಕಾದ್ರೆ ಕೇಳ್ತೀನಿ. ಹೇಳದೇ ಇದ್ದದ್ದಕ್ಕೆ ಎಂಗೆ ಕೇಳ್ಲಿ?' ಎಂದರು ಮೇಷ್ಟರು. ಕಾರ್ಯದರ್ಶಿ ರಾಜೀನಾಮೆಯ ಕಾಗದ ಮುಂದಿಟ್ಟರು. 'ಸ್ವಂತ ಇಚ್ಛೆಯಿಂದ ಅನ್ನೋದನ್ನ ಹೊಡೆದು, ಆಡಳಿತ ಮಂಡಳಿ ತೆಗೆದುಹಾಕಿತು ಅಂತ ಬರೀರಿ, ಈಗಲೇ ಸೈನ್ ಹಾಕ್ತೀನಿ' ಎಂದರು. ಅದನ್ನು ಯಾರು ಬರೆಯುತ್ತಾರೆ? ಅವರ ಪೀರಿಯಡ್ಡುಗಳನ್ನು ಬೇರೆಯವರಿಗೆ ಹಂಚಿದರು. ಒಂದು ವಾರ ಸ್ಟಾಫ್‌ರೂಮಿನಲ್ಲಿ ಸುಮ್ಮನೆ ಕೂತ ಮೇಷ್ಟರು, ಆಡಳಿತ ಮಂಡಳಿ ಇನ್ನು ಬರಬೇಡಿ ಎಂದದ್ದರಿಂದ ಎಂಟನೇ ದಿನ ತಮ್ಮ ಸಾಮಾನು ತೆಗೆದುಕೊಳ್ಳಲು ಬಂದರು. ನಾನೊಬ್ಬಳೇ ಇದ್ದೆ. ಸೀಮೆಸುಣ್ಣದ ತುಂಡುಗಳನ್ನು ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟರು, ಅವು ಶಾಲೆಯವು. ಪೆನ್ನು ಜೇಬಿಗಿಟ್ಟುಕೊಂಡರು. ಬಾಗಿಲ ಹತ್ತಿರ ನಿಂತು ಮೆತ್ತಗೆ ಹೇಳಿದರು:

'ಕೇಳಿಸಲಿಲ್ಲ ಅನ್ನೋದು ಒಳ್ಳೆ ಕನ್ನಡ ಮೇಡಂ. ಅದರೊಳಗೆ ಯಾರೂ ಇರಲ್ಲ.'

ಆ ಜೂನ್‌ನಲ್ಲಿ ನನ್ನ ಕೆಲಸ ಖಾಯಂ ಆಯಿತು. ನೋಡಿ, ಇಲ್ಲೂ 'ಆಯಿತು'.

ಅವರ ಚರ್ಚಿನವರಾದರೂ ಅವರ ಪರ ನಿಂತರೇ ಎಂದರೆ ಅದೂ ಇಲ್ಲ. ಹಿಂದೊಮ್ಮೆ ಚರ್ಚಿನ ಮಕ್ಕಳಿಗೆ ಭಾನುವಾರದ ಪಾಠ ಹೇಳಲು ಕರೆದಿದ್ದರಂತೆ. ಗೋವೆಯಲ್ಲಿ ತಮ್ಮ ಹಿರಿಯರನ್ನು ಹೇಗೆ ಮತಕ್ಕೆ ಸೇರಿಸಿಕೊಂಡರು, ಬೇಡ ಎಂದವರಿಗೆ ಏನು ಮಾಡಿದರು, ಅದನ್ನೂ ಹೇಳಿದ್ದಾರೆ. ಮುಂದಿನ ವಾರದಿಂದ ಕರೆಯಲಿಲ್ಲ. 'ಅಲ್ಲಿ ನಾನು ಧರ್ಮ ಕೆಡಿಸೋನು, ಇಲ್ಲಿ ಪರಂಗಿ' ಎಂದು ಯಾವಾಗಲೋ ನಗುತ್ತ ಹೇಳಿದ್ದರು. ದೇವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಪ್ರತಿ ಭಾನುವಾರ ಹೋಗಿ ಮಂಡಿಯೂರುತ್ತಿದ್ದರು. ಅವರ ತಕರಾರೆಲ್ಲ ಹಡಗಿನವರ ಜೊತೆ.

ಆಮೇಲೆ ಒಮ್ಮೆ ಕಂಡಿದ್ದೆ. ತಳ್ಳುಗಾಡಿಯ ಮುಂದೆ ನಿಂತು ಹಸಿಮೆಣಸಿನಕಾಯಿ ಆರಿಸುತ್ತಿದ್ದರು. ಷರಟು ಅದೇ ಬಿಳಿ, ಒಳಗಿನ ಆಳು ಇನ್ನೂ ಸಣ್ಣಗಾಗಿದ್ದರು. 'ಏನ್ ಹಡಗಿನವ್ರೇ' ಎಂದುಬಿಟ್ಟರೆ ಏನು ಮಾಡಲಿ ಎಂದು ಹೆದರಿ ನಾನು ರಸ್ತೆ ದಾಟಿ ಎದುರಿನ ಔಷಧಿ ಅಂಗಡಿಗೆ ಹೊಕ್ಕೆ. ಬೇಡದ ಒಂದು ಮುಲಾಮು ಕೊಂಡೆ. ಅವರು ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಮಣ್ಣಿಗೆ ಹೋದೆ. ಶಾಲೆಯಿಂದ ಇನ್ನಾರೂ ಬಂದಿರಲಿಲ್ಲ. ಆಯಾ ಮಾತ್ರ ಬಂದಿದ್ದಳು, ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಮನೆಗೆ ಹೋಗಿ ಅವರ ಹೆಂಡತಿಯ ಹತ್ತಿರ ಕೂತೆ. ಹಿತ್ತಿಲಲ್ಲಿ ಪರಂಗಿ ಗಿಡ ಕಾಯಿ ಹೊತ್ತು ನಿಂತಿತ್ತು. ಆಕೆ ನನ್ನ ಮುಖ ನೋಡಿ 'ಪಕ್ಕದ ರೂಮಿನ ಮೇಡಂ ನೀವೇ ಅಲ್ವೇನಮ್ಮ?' ಎಂದರು.

ಹೌದೆಂದೆ.

'ಆವತ್ತು ನಾನು ನಿಮ್ಮನ್ನ ಬಯ್ದಿದ್ದೆ ಕಣಮ್ಮ, ಹೇಳ್ಬುಡ್ತೀನಿ. ಬಾಯಿಗೆ ಬಂದಂಗೆ ಬಯ್ದೆ. ಇವರು ನನಗೇ ಗದರಿದ್ರು. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ, ಆ ಗಲಾಟೇಲಿ ಆಯಮ್ಮಂಗೆ ಎಲ್ಲಿ ಕೇಳಿಸಿರುತ್ತೆ, ಸುಮ್ನಿರು ಅಂದ್ರು. ಕೊನೇವರೆಗೂ ಅದನ್ನೇ ಹೇಳಿದ್ರು.' ಆಕೆ ನನ್ನ ಕೈ ಹಿಡಿದುಕೊಂಡರು. 'ನಿಜವಾಗ್ಲೂ ಕೇಳಿಸ್ಲಿಲ್ವಾಮ್ಮಾ?'

ಆ ಮನುಷ್ಯ ಬಾಯಿಬಿಟ್ಟರೆ ಕ್ರಿಯಾಪದ ತಿದ್ದುತ್ತಿದ್ದರು. ಹೆಂಡತಿಯ ಮುಂದೆ ನನ್ನ ಸುಳ್ಳನ್ನು ತಿದ್ದದೆ ಬಿಟ್ಟಿದ್ದರು. ಅದಕ್ಕೊಂದು ಸದ್ದನ್ನೂ ಸೇರಿಸಿಕೊಟ್ಟಿದ್ದರು. ಪಾಠ ನಡೆದದ್ದು ಮಂಗಳವಾರ. ಮಂಗಳವಾರ ವೆಲ್ಡಿಂಗ್ ಅಂಗಡಿಗೆ ರಜೆ. ಅದು ಅವರಿಗೂ ಗೊತ್ತಿತ್ತು.

ಆಕೆ ಕೈ ಹಿಡಿದೇ ಇದ್ದರು. ನಾನು ತಲೆ ಬಗ್ಗಿಸಿ 'ಸದ್ದು ಜಾಸ್ತಿ ಇತ್ತು' ಎಂದು ಹೇಳಿ ಎದ್ದು ಬಂದೆ. ಎರಡನೇ ಸಲವೂ ಅದೇ ಮಾಡಿದೆ. ಥೂ ನನ್ನ ಜನ್ಮಕ್ಕೆ.

ನಿನ್ನೆ ಹೆಡ್‌ಮಾಸ್ಟರಿಗೆ ನಾಲ್ಕು ಸಾಲು ಕೊಟ್ಟೆ. 'ಅವರು ಮಾಡದ ತಪ್ಪಿಗೆ ಆಡಳಿತ ಮಂಡಳಿ ಅವರನ್ನು ಕೆಲಸದಿಂದ ತೆಗೆಯಿತು' ಎಂಬುದು ಮೂರನೆಯ ಸಾಲು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಇದೆಲ್ಲ ಈಗ ಯಾಕ್ ಮೇಡಂ? ಸತ್ತೋರು ಬರ್ತಾರಾ? ನಿವೃತ್ತರಾದರು ಅಂತ ಹಾಕ್ತೀನಿ ಬುಡಿ' ಎಂದು ಪೆನ್ಸಿಲಿನಲ್ಲಿ ಗೀಟು ಹಾಕಿದರು. ಸಂಚಿಕೆಯಲ್ಲಿ ಹಾಗೇ ಬರುತ್ತದೆ.

ಬರಲಿ. ಇಲ್ಲಿ ಗೀಟು ಹಾಕುವವರು ಯಾರೂ ಇಲ್ಲ. ಕೆಂಪು ಪೆನ್ನಿನವರೂ ಇಲ್ಲವಾದ್ದರಿಂದ ನನ್ನ ವಾಕ್ಯವನ್ನು ನಾನೇ ತಿದ್ದಿ ಬರೆಯಬೇಕು.

ಮೇಷ್ಟರು 'ತಂದರು' ಎಂದೇ ಹೇಳಿದರು. ನಾನು ಕೇಳಿಸಿಕೊಂಡೆ.